ವೃತ್ತಿಯೂ ಬಾಂಧವ್ಯವೂ



1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗದ್ವಾಲವು ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟಿತು, ನೆಂಟಸ್ತನಗಳು ಬೇರ್ಪಡಲಿಲ್ಲ. ಧರೂರಿನಂತಹ ಊರಿನಲ್ಲಿ ದುಡಿಯುವ ಎಡೆಯಲ್ಲೆಲ್ಲ ಯಾರಾದರೊಬ್ಬ ಬಂಧು ಎದುರಾಗುವುದು ಸಹಜ. ಅದರಿಂದಲೇ ಈ ವಿಷಯವನ್ನು ಆರಿಸಿಕೊಂಡೆವು.

ಗದ್ವಾಲದ ನೇಕಾರರ ಮನೆಗಳನ್ನು ನೋಡಿರಿ. ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಸೆರಗುಗಳನ್ನು ಕೂಡಿಸುವ ಆ ಸೀರೆಯು ಒಬ್ಬರ ದುಡಿಮೆಯಲ್ಲ. ಮಗ್ಗದ ಮುಂದೆ ತಂದೆಯೇ ಗುರು, ಮಗನೇ ಶಿಷ್ಯ. ಕಂಡಿಕೆ ಸುತ್ತುವವಳು ತಾಯಿ. ಹಗಲು ಎಳೆ ಕಡಿದುದಕ್ಕೆ ಬಿದ್ದ ಗದರಿಕೆಯು ರಾತ್ರಿ ಊಟದ ತಟ್ಟೆಯವರೆಗೂ ಬರುವುದುಂಟು. ಕೂಲಿಯ ಲೆಕ್ಕದಲ್ಲಿ ಮಾತ್ರ ತಾಯಿಯ ಹೆಸರು ಅಪೂರ್ವ!

ಇನ್ನು ನಮ್ಮ ಮಾತು. ಕೆಲವು ವರ್ಷಗಳ ಹಿಂದೆ ನಮ್ಮ ಅಣ್ಣನ ಮಗನು ನಮ್ಮ ತರಗತಿಯಲ್ಲಿಯೇ ಓದುತ್ತಿದ್ದನು. ಶಾಲೆಯಲ್ಲಿ ‘ಕಾಕಾ’ ಎನ್ನಕೂಡದು, ‘ಸರ್’ ಎನ್ನಬೇಕೆಂದು ಕಟ್ಟಪ್ಪಣೆ ಮಾಡಿದ್ದೆವು. ಪರೀಕ್ಷೆಯೊಂದರಲ್ಲಿ ಅವನಿಗೆ ತೇರ್ಗಡೆಗೆ ಎರಡು ಅಂಕಗಳು ಕಡಿಮೆಯಾದವು. “ಸ್ವಂತ ಕಾಕಾ ಆಗಿ ಎರಡು ಅಂಕ ಹಾಕಲಾರದೆ ಹೋದಿರಾ?” ಎಂದು ಅತ್ತಿಗೆಯವರು ಕಣ್ಣೀರಿಟ್ಟರು. ನಾವು ಕದಲಲಿಲ್ಲ. ನಿಷ್ಪಕ್ಷಪಾತಿಗಳೆಂಬ ಹೆಮ್ಮೆಯೂ ಒಳಗೊಳಗೆ ಇದ್ದಿತು. ಹುಡುಗನು ಅಂದಿನಿಂದ ಮನೆಯಲ್ಲಿಯೂ ನಮ್ಮನ್ನು ‘ಸರ್’ ಎಂದೇ ಕರೆಯತೊಡಗಿದನು.

ಒಂದು ತಿಂಗಳ ತರುವಾಯ ಸಹೋದ್ಯೋಗಿಯೊಬ್ಬರು ಆ ಉತ್ತರಪತ್ರಿಕೆಯನ್ನು ಓದಿ, “ಪಂಡಿತರೆ, ಈ ಉತ್ತರವನ್ನೇ ಬೇರೆಯವನು ಬರೆದಿದ್ದರೆ ಇಷ್ಟೇ ಕೊಡುತ್ತಿದ್ದಿರಾ?” ಎಂದರು. ಪಕ್ಕದ ಹುಡುಗನ ಪತ್ರಿಕೆಯನ್ನು ತೆಗೆದು ಹೋಲಿಸಿದೆವು. ಮೂರು ಅಂಕಗಳನ್ನು ನಾವು ತಡೆಹಿಡಿದಿದ್ದೆವು. ಪರರ ಬಾಯಿಗೆ ಅಂಜಿ ನಮ್ಮ ಹುಡುಗನಿಗೆ ಅನ್ಯಾಯ ಮಾಡಿದ್ದೆವು. ಇದು ಯಾವ ನಿಷ್ಪಕ್ಷಪಾತ?

ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲಿ ಒಂದು ವಿವೇಕದ ಮಾತಿದೆ. ತನ್ನ ಕುಟುಂಬದವರು ಕೆಲಸಕ್ಕಿರುವ ಸಂಸ್ಥೆಯ ವಿಷಯವು ಮುಂದೆ ಬಂದರೆ ನೌಕರನು ತಾನೇ ತೀರ್ಮಾನಿಸದೆ ಮೇಲಧಿಕಾರಿಗೆ ಒಪ್ಪಿಸಬೇಕು. ಶಾಲೆಗೂ ಇದೇ ದಾರಿಯೆಂದು ನಮಗೆ ತೋರಿತು. ಬಂಧುಗಳ ಮಕ್ಕಳ ಪತ್ರಿಕೆಗಳನ್ನು ಈಗ ಅದೇ ಸಹೋದ್ಯೋಗಿಗೆ ಕೊಡುತ್ತೇವೆ. ಅವರು ತಮ್ಮ ಸೋದರಳಿಯನದನ್ನು ನಮಗೆ ಕೊಡುತ್ತಾರೆ. ಹಾಗೆಂದು ಮನೆಯವರ ಮಾತಿಗೆ ಕಿವಿಗೊಡಲೇಬಾರದೆಂದಲ್ಲ. ನಿತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದ ಮಾರಯ್ಯನನ್ನು ತಿದ್ದಿದವಳು ಮಡದಿ ಲಕ್ಕಮ್ಮನೇ ಅಲ್ಲವೆ?

ಅಂಕಗಳನ್ನು ಸರಿಪಡಿಸಿದ ಸಂಜೆ ಅಣ್ಣನ ಮನೆಗೆ ಹೋಗಿ, ಅತ್ತಿಗೆಯವರ ಎದುರಿನಲ್ಲಿಯೇ ಹುಡುಗನಿಗೆ ನಮ್ಮ ತಪ್ಪನ್ನು ಹೇಳಿದೆವು. ಅವನು ತಲೆ ತಗ್ಗಿಸಿಕೊಂಡು, “ಇರಲಿ ಬಿಡ್ರಿ, ಕಾಕಾ” ಎಂದನು.