ಕಣ್ಣಿಗೂ ಒಂದು ಪಾಠಶಾಲೆ

ಮಾರ್ಟಳ್ಳಿ ಎಂಬ ಊರಿನ ಹೆಸರನ್ನು ನಿಮ್ಮಲ್ಲಿ ಅನೇಕರು ಕೇಳಿರಲಾರಿರಿ. ಕೊಳ್ಳೇಗಾಲದಿಂದ ಹೊರಟು, ಹನೂರನ್ನು ದಾಟಿ, ಮಲೆ ಮಹದೇಶ್ವರನ ಬೆಟ್ಟದ ಸೀಮೆಗೆ ಬಂದರೆ, ತಮಿಳುನಾಡಿನ ಗಡಿಗೆ ಹತ್ತಿರವಾಗಿ ನಮ್ಮ ಊರು ಸಿಕ್ಕುತ್ತದೆ. ಇಲ್ಲಿಯ ಬಹುಮಂದಿ ಮಕ್ಕಳಿಗೆ ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ಅಂಥ ಮಕ್ಕಳಿಗೆ ಸಂಧಿ ಸಮಾಸಗಳನ್ನು ಹೇಳಿಕೊಡುತ್ತಲೇ ತಲೆ ನರೆಸಿಕೊಂಡ ಕನ್ನಡ ಪಂಡಿತ ನಾನು. ಇವನಿಗೂ ಚಿತ್ರಕಲೆಗೂ ಏನು ನಂಟು ಎಂದು ನೀವು ಕೇಳಬಹುದು. ನಂಟು ಬೆಳೆದದ್ದು ನನ್ನ ಒಂದು ತಪ್ಪಿನಿಂದ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಬಹಳ ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅವನ ವ್ಯಾಕರಣ ಪುಸ್ತಕದ ಅಂಚುಗಳಲ್ಲೆಲ್ಲ ಆನೆ, ಎತ್ತು, ಬೆಟ್ಟದ ಬಸ್ಸು, ಒಮ್ಮೊಮ್ಮೆ ನನ್ನ ಕನ್ನಡಕ. ಹತ್ತನೆಯ ತರಗತಿ ಮುಗಿದಾಗ ಅವನ ತಂದೆ ನನ್ನಲ್ಲಿಗೆ ಬಂದರು. "ಮೇಷ್ಟ್ರೇ, ಮೈಸೂರಲ್ಲಿ ಬೊಂಬೆ ಬರಿಯೋದ ಕಲಿಸೋ ಕಾಲೇಜು ಅದಂತೆ. ಇವ ಅಲ್ಲಿಗೇ ಹೋಯ್ತೀನಿ ಅಂತಾನೆ. ಅದ್ರಿಂದ ಹೊಟ್ಟೆ ತುಂಬ್ತದಾ?" ಎಂದು ಕೇಳಿದರು. "ಅದೆಲ್ಲ ಹೊತ್ತು ಹೋಗದವರ ಕೆಲಸ" ಎಂದುಬಿಟ್ಟೆ. ಹಳ್ಳಿಯಲ್ಲಿ ಮೇಷ್ಟ್ರ ಮಾತಿಗೆ ಬೆಲೆ ಹೆಚ್ಚು. ಹುಡುಗ ತಿರುಪ್ಪೂರಿನ ಬನಿಯನ್ ಕಾರ್ಖಾನೆಗೆ ಹೋದ. ದುಡಿದು ತಿನ್ನುವುದು ಗೌರವದ ಬದುಕೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ಕೊಟ್ಟ ಉತ್ತರಕ್ಕೆ ಆಧಾರವೇನಿತ್ತು? ಅಂಥ ಕಾಲೇಜಿನ ಬಾಗಿಲನ್ನು ಕೂಡ ನಾನು ಕಂಡಿರಲಿಲ್ಲ.

ಕೆಲವು ವರ್ಷಗಳ ಮೇಲೆ ಅದೇ ಪ್ರಶ್ನೆ ಇನ್ನೊಬ್ಬ ತಂದೆಯಿಂದ ಬಂತು. ಈ ಬಾರಿ ಹುಡುಗಿ. ನಮ್ಮ ಊರಿನಲ್ಲಿ ಕ್ರೈಸ್ತರ ಮನೆಗಳು ಬಹಳ. ಕ್ರಿಸ್ಮಸ್ ಬಂದರೆ ಮನೆಮನೆಯಲ್ಲೂ ಗೋದಲಿ ಕಟ್ಟುತ್ತಾರೆ. ಇಲ್ಲಿಯವರ ಮಾತಿನಲ್ಲಿ ಅದು ಕುಡಿಲು. ಆ ಹುಡುಗಿ ಕೆರೆಯ ಮಣ್ಣಿನಿಂದ ಮಾಡಿದ ಕುರಿಮರಿಗಳು ಅಕ್ಕಪಕ್ಕದ ಮನೆಗಳ ಕುಡಿಲುಗಳಲ್ಲೂ ಮಲಗಿರುತ್ತಿದ್ದವು. ಈ ಸಲ ನಾನು ಆತುರಪಡಲಿಲ್ಲ. "ಹೋಗಿ ನೋಡಿಕೊಂಡು ಬಂದು ಹೇಳುತ್ತೇನೆ" ಎಂದೆ. ಬೇಸಗೆಯ ರಜೆಯಲ್ಲಿ ಮೈಸೂರಿಗೆ ಹೋದೆ.

ಅಲ್ಲಿ ನಾನು ಮೊದಲು ತಿಳಿದದ್ದು, ಕಣ್ಣಿನ ವಿದ್ಯೆಗೆ ನಮ್ಮ ನಾಡಿನಲ್ಲಿ ಶಾಲೆ ಹುಟ್ಟಿ ನೂರು ವರ್ಷ ದಾಟಿದೆ ಎಂಬುದು. ನಾಲ್ವಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯವರ ಹೆಸರಿನಲ್ಲಿ ಕಟ್ಟಿಸಿದ ಚಾಮರಾಜೇಂದ್ರ ತಾಂತ್ರಿಕ ವಿದ್ಯಾಶಾಲೆಗೆ ೧೯೦೬ರಲ್ಲಿ ಅಸ್ತಿಭಾರ ಬಿತ್ತು. ೧೯೧೩ರಲ್ಲಿ ಅದು ಬಾಗಿಲು ತೆರೆಯಿತು. ಆ ಪರಂಪರೆಯಲ್ಲೇ ೧೯೮೦ರ ದಶಕದ ಆರಂಭದಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಸಂಸ್ಥೆ ಬಂತು. ಜನರ ಬಾಯಲ್ಲಿ ಅದು 'ಕಾವಾ'. ಚಿತ್ರ, ಶಿಲ್ಪ, ಅಚ್ಚುಕಲೆ, ಜಾಹೀರಾತಿಗೂ ಪುಸ್ತಕಕ್ಕೂ ಬೇಕಾದ ಅನ್ವಯಿಕ ಕಲೆ, ಛಾಯಾಗ್ರಹಣ ಎಂದು ಅಲ್ಲಿ ಬೇರೆ ಬೇರೆ ವಿಭಾಗಗಳಿವೆ. ನಮ್ಮಲ್ಲಿ ಅಕ್ಷರಮಾಲೆ ಕಲಿಯದೆ ಕಾವ್ಯಕ್ಕೆ ಕೈ ಹಾಕುವಂತಿಲ್ಲ. ಇಲ್ಲಿಯೂ ಹಾಗೆಯೇ: ಮೊದಲು ಗೆರೆ, ಅಳತೆ, ನೆರಳು ಬೆಳಕು, ಬಣ್ಣಗಳ ತಳಪಾಯ, ವಿಭಾಗದ ಮಾತು ಆಮೇಲೆ.

ಹುಡುಗಿ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಮೈಸೂರಿನ ಒಂದು ಕಲಾಶಾಲೆಗೆ ಸೇರಿದಳು. ಕಾಗದ, ಬಣ್ಣ, ಕುಂಚಗಳಿಗೆಂದು ತಂದೆ ಎರಡು ಮೇಕೆಗಳನ್ನು ಮಾರಿದರು. ಕ್ರಿಸ್ಮಸ್ ರಜೆಗೆ ಬಂದ ಹುಡುಗಿ ನಮ್ಮ ಮನೆಯ ಜಗಲಿಯ ಮೇಲೆ ಕುಳಿತು, "ಸಾರ್, ನಾನು ಇನ್ನು ಹೋಗುವುದಿಲ್ಲ" ಎಂದಳು.

ನಾನು ಕಾರಣ ಕೇಳಿದೆ. ಹಗಲೆಲ್ಲ ಹಲಗೆಯ ಮುಂದೆ ನಿಲ್ಲಬೇಕು. ಸಂಜೆ ಬಸ್‌ನಿಲ್ದಾಣಕ್ಕೋ ಮಾರುಕಟ್ಟೆಗೋ ಹೋಗಿ, ನಡೆಯುವವರನ್ನು ನಡೆಯುತ್ತಿರುವಂತೆಯೇ ಬರೆಯಬೇಕು. ರಾತ್ರಿ ಅದನ್ನು ತಿದ್ದಬೇಕು. ವಾರದ ಕೊನೆಗೆ ಎಲ್ಲರ ಚಿತ್ರಗಳನ್ನೂ ಗೋಡೆಗೆ ಅಂಟಿಸಿ, ಎಲ್ಲರ ಎದುರಿಗೇ ಗುಣದೋಷಗಳನ್ನು ಹೇಳುತ್ತಾರೆ. ಉತ್ತರಪತ್ರಿಕೆಯಾದರೆ ಮಡಿಸಿ ಇಟ್ಟುಕೊಳ್ಳಬಹುದು. ಗೋಡೆಯ ಮೇಲಿನ ಚಿತ್ರವನ್ನು ಎಲ್ಲಿ ಅಡಗಿಸುವುದು? ಇಷ್ಟನ್ನೂ ಅವಳು ತಾಳಿಕೊಂಡಿದ್ದಳು. ತಾಳಲಾರದೆ ಹೋದದ್ದು ಒಂದು ಹಿತ್ತಾಳೆ ಚೊಂಬನ್ನು. ಅದನ್ನು ಹತ್ತಾರು ಸಲ ಬರೆದಿದ್ದಳು. ಪ್ರತಿ ಸಲವೂ ಅಧ್ಯಾಪಕರು, "ಇದು ನಿನಗೆ ಗೊತ್ತಿರುವ ಚೊಂಬು, ನೀನು ನೋಡಿದ ಚೊಂಬಲ್ಲ" ಎಂದು ಹಿಂದಕ್ಕೆ ಕೊಟ್ಟಿದ್ದರು. "ಊರಲ್ಲೆಲ್ಲ ನನ್ನ ಕೈ ಚೆನ್ನಾಗಿದೆ ಅಂತಿದ್ರು ಸಾರ್. ಅಲ್ಲಿ ನನಗೆ ಏನೂ ಬರುವುದಿಲ್ಲ" ಎಂದು ಅತ್ತಳು.

ಏನು ಹೇಳಬೇಕೆಂದು ನನಗೆ ತೋಚಲಿಲ್ಲ. ಒಳಗಿನಿಂದ ಒಂದು ಚೊಂಬನ್ನು ತರಿಸಿ, ಜಗಲಿಯ ಮೇಲಿಟ್ಟು, ಪೆನ್ಸಿಲು ಹಿಡಿದು ನಾನೇ ಬರೆಯಲು ಕುಳಿತೆ. ಬಾಯಿ ಗುಂಡಗೆ ಬರೆದೆ. ತಳಕ್ಕೆ ನೆಟ್ಟಗೆ ಒಂದು ಗೆರೆ ಎಳೆದೆ. ಹುಡುಗಿ ಅಳು ಮರೆತು ನಕ್ಕಳು. "ಸಾರ್, ಬಾಯಿ ಗುಂಡಗಿದೆ ಅಂತ ನಿಮಗೆ ಗೊತ್ತು. ಆದರೆ ನೀವು ಕುಳಿತ ಕಡೆಯಿಂದ ಅದು ಮೊಟ್ಟೆಯ ಹಾಗೆ ಕಾಣುತ್ತದೆ. ತಳವೂ ನೆಟ್ಟಗಿಲ್ಲ, ಬಾಗಿದೆ. ನೋಡಿ." ನೋಡಿದೆ. ಹೌದು! ಐವತ್ತು ವರ್ಷ ಚೊಂಬಿನಲ್ಲಿ ನೀರು ಕುಡಿದವನು ಅಂದು ಮೊದಲ ಬಾರಿಗೆ ಚೊಂಬನ್ನು ಕಂಡೆ. "ಇದನ್ನು ನಿನಗೆ ಯಾರು ಕಲಿಸಿದರು?" ಎಂದೆ. ಅವಳು ಸುಮ್ಮನಾದಳು. ತನಗೆ ಏನೂ ಬರುವುದಿಲ್ಲ ಎಂದುಕೊಂಡ ಆರೇ ತಿಂಗಳಲ್ಲಿ ಎಷ್ಟು ಬಂದಿದೆಯೆಂದು ಅವಳಿಗೆ ಆಗ ತಿಳಿಯಿತೆಂದು ಕಾಣುತ್ತದೆ. ರಜೆ ಮುಗಿದ ಮರುದಿನ ಮೈಸೂರಿನ ಬಸ್ಸು ಹತ್ತಿದಳು. ಆಮೇಲೆ ಅವಳಿಗೆ ಮೆಚ್ಚುಗೆಯೂ ಸಿಕ್ಕಿದೆ, ಸೋಲೂ ಸಿಕ್ಕಿದೆ. ಓದನ್ನು ಮಾತ್ರ ಬಿಟ್ಟಿಲ್ಲ.

ನಮ್ಮ ಹಿರಿಯರಿಗೆ ಈ ವಿದ್ಯೆಯ ಕಷ್ಟ ತಿಳಿಯದ್ದಲ್ಲ. ವಿಷ್ಣುಧರ್ಮೋತ್ತರ ಪುರಾಣದಲ್ಲಿ ವಜ್ರನೆಂಬ ರಾಜನು ಮೂರ್ತಿ ಮಾಡುವ ವಿದ್ಯೆಯನ್ನು ಹೇಳಿಕೊಡಿ ಎಂದು ಮಾರ್ಕಂಡೇಯ ಋಷಿಯನ್ನು ಕೇಳುತ್ತಾನೆ. ಅದಕ್ಕೆ ಮೊದಲು ಚಿತ್ರ ತಿಳಿದಿರಬೇಕು, ಚಿತ್ರಕ್ಕೆ ನೃತ್ಯ, ನೃತ್ಯಕ್ಕೆ ವಾದ್ಯ, ವಾದ್ಯಕ್ಕೆ ಗೀತ ತಿಳಿದಿರಬೇಕು ಎನ್ನುತ್ತಾನೆ ಋಷಿ. ಇದು ಪುರಾಣದ ಉತ್ಪ್ರೇಕ್ಷೆಯೆಂದು ನಾನು ತಿಳಿದಿದ್ದೆ. ಆದರೆ ಮೈಸೂರಿನ ಕೆ. ವೆಂಕಟಪ್ಪನವರನ್ನು ನೋಡಿ. ಅರಮನೆಯ ಆಶ್ರಯದಿಂದ ೧೯೦೯ರಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಚಿತ್ರ ಕಲಿತವರು, ವೀಣೆ ಶೇಷಣ್ಣನವರ ಶಿಷ್ಯರಾಗಿ ವೀಣೆಯನ್ನೂ ಸಾಧಿಸಿದರು. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ೧೯೧೧ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಓದಿದವರು, ಗೆರೆಯ ಲಯ ಕೈಗೆ ಹತ್ತಬೇಕೆಂದು ಕಥಕ್ ನೃತ್ಯವನ್ನೇ ಅಭ್ಯಾಸ ಮಾಡಿದರು. ಋಷಿಯ ಮಾತು ನಮ್ಮ ಕಾಲದಲ್ಲೂ ಹುಸಿಯಾಗಲಿಲ್ಲ.

ಇನ್ನು ಹೊಟ್ಟೆಯ ಪ್ರಶ್ನೆ. ಅದಕ್ಕೂ ಚೊಂಬಿನಿಂದಲೇ ಉತ್ತರ ಹೇಳಬಹುದು. ೧೯೫೮ರಲ್ಲಿ ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ನಮ್ಮ ಸರ್ಕಾರಕ್ಕೆ ಒಂದು ವರದಿ ಬರೆದುಕೊಟ್ಟರು. ನಮ್ಮ ದೇಶದಲ್ಲಿ ತಾವು ಕಂಡ ವಸ್ತುಗಳಲ್ಲೆಲ್ಲ ಅವರು ಬಹುವಾಗಿ ಮೆಚ್ಚಿದ್ದು ಈ ಚೊಂಬನ್ನೇ. ಎಷ್ಟು ನೀರು ಹಿಡಿಯಬೇಕು, ಸೊಂಟದ ಮೇಲೆ ಹೇಗೆ ಕೂರಬೇಕು, ಬಗ್ಗಿಸಿದರೆ ನೀರು ಹೇಗೆ ಬೀಳಬೇಕು, ಬೆಲೆ ಎಷ್ಟಾಗಬೇಕು ಎಂಬುದನ್ನೆಲ್ಲ ತಲೆಮಾರುಗಳ ಜನ ಯೋಚಿಸಿ ರೂಪಿಸಿದ ಪಾತ್ರೆ ಅದು. ಆ ಬಗೆಯ ಯೋಚನೆಯನ್ನು ಕಲಿಸಲೆಂದೇ ೧೯೬೧ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಅಷ್ಟು ದೂರವೇಕೆ? ನಮ್ಮ ಬೆಟ್ಟದ ಸೋಲಿಗರು ಕಾಡನ್ನೆಲ್ಲ ಮುತ್ತಿದ ಲಂಟಾನದ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ಸುಲಿದು, ಬಗ್ಗಿಸಿ ಕುರ್ಚಿ ಬುಟ್ಟಿಗಳನ್ನು ಮಾಡುತ್ತಾರೆ. ಕಳೆಯನ್ನು ಕುರ್ಚಿಯಾಗಿ ಕಾಣುವ ಕಣ್ಣಿನಿಂದ ಅನ್ನ ಹುಟ್ಟುತ್ತದೆ. ನೀವು ಉಡುವ ಸೀರೆಯ ಅಂಚು, ಮಕ್ಕಳ ಪಠ್ಯಪುಸ್ತಕದ ಚಿತ್ರ, ಕೈಯಲ್ಲಿರುವ ಮೊಬೈಲಿನ ಪರದೆ, ಎಲ್ಲದರ ಹಿಂದೆಯೂ ಇಂಥ ಕಣ್ಣೊಂದು ದುಡಿದಿರುತ್ತದೆ.

ಆದರೂ ಕಲಿತವರೆಲ್ಲರಿಗೂ ಕೆಲಸ ಖಂಡಿತವೆಂದು ನಾನು ಹೇಳಲಾರೆ. ಅದು ಇನ್ನೊಂದು ತಪ್ಪಾದೀತು. ತಂದೆತಾಯಿಗಳಾದ ನಿಮ್ಮಲ್ಲಿ ನನ್ನ ಬಿನ್ನಹ ಇಷ್ಟು. ಲೆಕ್ಕ ಬಾರದ ಮಗುವೆಂಬ ಒಂದೇ ಕಾರಣಕ್ಕೆ ಅದನ್ನು ಕಲಾಶಾಲೆಗೆ ನೂಕಬೇಡಿ. ಅಲ್ಲಿಯೂ ಅಳತೆಯುಂಟು, ಲೆಕ್ಕವುಂಟು, ನಿದ್ದೆಗೆಡುವುದುಂಟು. ಕಳುಹಿಸುವ ಮುನ್ನ ಆ ಶಾಲೆಯನ್ನು ನಿಮ್ಮ ಕಣ್ಣಿನಿಂದಲೇ ಒಮ್ಮೆ ನೋಡಿ. ಕಳುಹಿಸಿದ ಮೇಲೆ, ಮಗು ಮೊದಲನೆಯ ವರ್ಷ ಅತ್ತುಕೊಂಡು ಬಂದರೆ ಕೂಡಲೇ ಪೆಟ್ಟಿಗೆಯನ್ನು ಒಳಗಿಡಿಸಬೇಡಿ. ಒಂದು ಚೊಂಬನ್ನು ಮುಂದಿಟ್ಟು, ನನಗೂ ಬರೆಯಲು ಹೇಳಿಕೊಡು ಎನ್ನಿ.

ತಿರುಪ್ಪೂರಿಗೆ ಹೋದ ಹುಡುಗ ಊರಹಬ್ಬಕ್ಕೆ ಬಂದಾಗ ಈಗಲೂ ನನ್ನನ್ನು ಕಂಡು ಕೈಮುಗಿಯುತ್ತಾನೆ. ಅವನ ತಂದೆ ಅಂದು ಕೇಳಿದ ಪ್ರಶ್ನೆಗೆ ಹೇಳಬೇಕಾಗಿದ್ದ ಉತ್ತರ ಇದು. ಅವನಿಗೆ ತಡವಾಯಿತು, ನಿಮ್ಮ ಮನೆಯ ಮಗುವಿಗೆ ತಡವಾಗದಿರಲಿ.