ಹನ್ನೆರಡರಿಂದ ಹದಿನಾರು

ನಂಜನಗೂಡಿಗೂ ತಿರುಮಕೂಡಲು ನರಸೀಪುರಕ್ಕೂ ನಡುವೆ ಹದಿನಾರು ಎಂಬ ಗ್ರಾಮವಿರುವುದು. ಮೈಸೂರು ರಾಜವಂಶದ ಮೂಲವನ್ನು ಹೇಳುವ ಐತಿಹ್ಯವು ಈ ಊರಿನದೇ. ಇಲ್ಲಿಯ ಪಾಳೆಯಗಾರನ ಮಗಳನ್ನು ಕಾರುಗಹಳ್ಳಿಯ ಮಾರನಾಯಕನು ಬಲವಂತದಿಂದ ವರಿಸಲು ಹವಣಿಸಿದನೆಂದೂ, ಯದುರಾಯ ಕೃಷ್ಣರಾಯರೆಂಬ ಸೋದರರು ಅವನನ್ನು ಕೊಂದು ಆಕೆಯನ್ನು ರಕ್ಷಿಸಿದರೆಂದೂ, 1399ರಲ್ಲಿ ಯದುರಾಯನು ಆಕೆಯ ಕೈಹಿಡಿದು ದೊರೆಯಾದನೆಂದೂ ನಾವೆಲ್ಲರೂ ಕೇಳಿದ್ದೇವೆ. ಆ ಕಥೆಯಲ್ಲಿ ಮದುವೆಯ ಹೆಣ್ಣಿನ ಮಾತೊಂದು ಮಾತ್ರ ನಮ್ಮ ಕಿವಿಗೆ ಬೀಳುವುದಿಲ್ಲ.

ಹೆಣ್ಣುಮಗುವು ತನ್ನ ಮಾತನ್ನು ತಾನು ಆಡಲು ಕಲಿಯುವ ಕಾಲ ಯಾವುದು? ಹನ್ನೆರಡರಿಂದ ಹದಿನಾರರವರೆಗಿನ ನಾಲ್ಕು ವರ್ಷಗಳೆಂದು ಪಾಠ ಹೇಳುವ ವೃತ್ತಿಯವರಾದ ನಾವು ಬಲ್ಲೆವು. ಇವೇ ಪ್ರೌಢಶಾಲೆಯ ವರ್ಷಗಳು. ಹಿಂದಿನವರಲ್ಲಿ ಬಹುಮಂದಿ ಹೆಣ್ಣುಮಕ್ಕಳಿಗೆ ಈ ವರ್ಷಗಳು ದೊರೆಯಲೇ ಇಲ್ಲ. ಬಾಲ್ಯವು ಮುಗಿಯುವ ಮೊದಲೇ ಸಂಸಾರ. ಮೈಸೂರು ಸರ್ಕಾರವು 1894ರಲ್ಲಿ ಶಾಸನಮಾಡಿ ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ವಿವಾಹವನ್ನು ನಿಷೇಧಿಸಿತು. ಎಂಟು ಎಂಬ ಅಂಕಿಯೇ ಆ ಕಾಲದ ಸ್ಥಿತಿಯನ್ನು ಸಾರುವುದು.

ಈ ಶಾಸನಕ್ಕೆ ನಲವತ್ತು ವರ್ಷ ಮೊದಲೇ, 1854ರಲ್ಲಿ, ಕ್ಯಾಥೊಲಿಕ್ ಮತದ ಗುಡ್ ಷೆಪರ್ಡ್ ಸಂನ್ಯಾಸಿನಿಯರು ಫ್ರಾನ್ಸಿನಿಂದ ಬೆಂಗಳೂರಿಗೆ ಬಂದು ಬಾಲಿಕೆಯರಿಗೆ ಶಾಲೆಯನ್ನು ತೆರೆದರು. ಮದರ್ ವೆರೋನಿಕಾ ಎಂಬವರು 1868ರಲ್ಲಿ ಫ್ರಾನ್ಸಿನ ಬಯೋನ್ ಪಟ್ಟಣದಲ್ಲಿ ಸ್ಥಾಪಿಸಿದ ಅಪೊಸ್ತಲಿಕ್ ಕಾರ್ಮೆಲ್ ಸಂಘದವರು 1870ರ ನವೆಂಬರಿನಲ್ಲಿ ಮಂಗಳೂರಿಗೆ ಬಂದಿಳಿದರು. ಅವರ ಸೇಂಟ್ ಆ್ಯನ್ಸ್ ಶಾಲೆಯು ಬೆಳೆಯಿತು. 1921ರಲ್ಲಿ ಅದೇ ಸಂಘದವರು ಸೇಂಟ್ ಆಗ್ನೆಸ್ ಮಹಿಳಾ ಕಾಲೇಜನ್ನೂ ಸ್ಥಾಪಿಸಿದರು. ಕಾಲಕ್ರಮದಲ್ಲಿ ಎಲ್ಲ ಮತದ ಮನೆಗಳಿಂದಲೂ ಹುಡುಗಿಯರು ಈ ಶಾಲೆಗಳಿಗೆ ಬಂದರು.

ತಂದೆತಾಯಿಗಳು ಪರಮತದವರ ಶಾಲೆಗೆ ಬೆಳೆದ ಮಗಳನ್ನು ಕಳುಹಿಸಿದುದೇಕೆ? ಪಾಠ ಹೇಳುವವರು ಹೆಂಗಸರು. ಅವರು ಶಾಲೆಯ ಆವರಣದಲ್ಲಿಯೇ ವಾಸವಾಗಿದ್ದು ಮಕ್ಕಳ ಮೇಲೆ ಸದಾ ಕಣ್ಣಿಟ್ಟಿರುವರು. ಇದರಿಂದ ಮನೆಯವರ ಭಯವು ನೀಗಿತು. ಮತ್ತೊಂದು ಪ್ರಯೋಜನವೂ ಉಂಟು. ಮದುವೆಯಲ್ಲದೆ ಬೇರೊಂದು ಕಾರ್ಯಕ್ಕೆ ಬಾಳನ್ನು ಮುಡಿಪಾಗಿಟ್ಟು ಗೌರವದಿಂದ ಜೀವಿಸುವ ಹೆಂಗಸನ್ನು ಹುಡುಗಿಯು ದಿನವೂ ಕಣ್ಣಾರೆ ಕಂಡಳು. ಇದು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲದ ಪಾಠ.

ಕಾನ್ವೆಂಟುಗಳಲ್ಲಿ ಕನ್ನಡವು ಮೂಲೆಗೆ ಸರಿಯಿತೆಂಬ ಆಕ್ಷೇಪಣೆಯುಂಟು. ಶುಲ್ಕ ತೆರಲಾರದ ಬಡವರಿಗೆ ಅವುಗಳ ಬಾಗಿಲು ಕಿರಿದೆಂಬ ದೂರೂ ಉಂಟು. ಇವೆರಡನ್ನೂ ನಾವು ತಳ್ಳಿಹಾಕಲಾರೆವು. ಆದರೆ ಆ ಶಾಲೆಗಳ ಮುಖ್ಯ ಗುಣವು ಇಂಗ್ಲಿಷಿನಲ್ಲಾಗಲಿ ಮತದಲ್ಲಾಗಲಿ ಇಲ್ಲ. ಮೈಸೂರಿನಲ್ಲಿ 1881ರಲ್ಲಿ ಆರಂಭವಾದ ಮಹಾರಾಣಿಯವರ ಬಾಲಿಕಾ ಪಾಠಶಾಲೆಯು ಅರಮನೆಯ ಆಶ್ರಯದಲ್ಲಿ, ನಮ್ಮ ಆಚಾರಗಳ ನಡುವೆಯೇ, ಇಂತಹ ನಂಬಿಕೆಯನ್ನು ಗಳಿಸಿತು. ಹೆಣ್ಣುಮಗಳನ್ನು ನಿಶ್ಚಿಂತೆಯಿಂದ ಬಿಡಬಹುದಾದ ಸ್ಥಳ ಬೇಕು. ಅದನ್ನು ಯಾರು ಕಟ್ಟಿದರೂ ಅದು ವಿದ್ಯಾಲಯವೇ.

ಈಗ ಶಾಸನವು ಹೆಣ್ಣಿನ ವಿವಾಹಕ್ಕೆ ಹದಿನೆಂಟು ತುಂಬಬೇಕೆನ್ನುವುದು. ಶಾಸನವು ಮದುವೆಯನ್ನು ತಡೆಯಬಲ್ಲುದು. ತಡೆದ ವರ್ಷಗಳನ್ನು ತುಂಬಲಾರದು. ಶಾಲೆಯು ದೂರವಾಗಿ, ದಾರಿಯು ನಿರ್ಜನವಾಗಿ, ಬಸ್ಸು ಹೊತ್ತಿಗೆ ಬಾರದಿದ್ದರೆ, ಹಳ್ಳಿಯ ಹುಡುಗಿಯು ಏಳನೆಯ ತರಗತಿಗೇ ಮನೆಯಲ್ಲಿ ಉಳಿಯುವಳು. ಉಳಿದವಳಿಗೆ ವರನನ್ನು ಹುಡುಕುವ ಮಾತು ತಾನಾಗಿ ಹುಟ್ಟುವುದು. ನಗರವಾಸಿಗಳಾದ ನಾವು ನಮ್ಮ ಮಕ್ಕಳಿಗೆ ಒಳ್ಳೆಯ ಶಾಲೆಯನ್ನು ಆರಿಸುವಾಗ ಶುಲ್ಕವನ್ನೂ ಫಲಿತಾಂಶವನ್ನೂ ವಿಚಾರಿಸುತ್ತೇವೆ. ಹಳ್ಳಿಯ ತಾಯಿಯು ವಿಚಾರಿಸುವುದು ಬೇರೆ: ಅಲ್ಲಿ ಉಪಾಧ್ಯಾಯಿನಿ ಇರುವಳೇ? ಹತ್ತಿರದಲ್ಲಿ ವಿದ್ಯಾರ್ಥಿನಿಲಯವುಂಟೇ? ಮಗಳು ಕತ್ತಲೆಗೆ ಮೊದಲು ಮನೆ ಸೇರುವಳೇ? ಈ ಮೂರು ಪ್ರಶ್ನೆಗಳಿಗೆ ಹೌದೆನ್ನುವ ಶಾಲೆಗಳು ಹಳ್ಳಿಯ ಸಮೀಪದಲ್ಲಿ ಹೆಚ್ಚಿದಷ್ಟೂ, ತನ್ನ ಮಾತನ್ನು ತಾನೇ ಆಡಬಲ್ಲ ಹೆಣ್ಣುಮಕ್ಕಳು ನಾಡಿನಲ್ಲಿ ಹೆಚ್ಚುವರು.