ಮುಯ್ಯಾಳಿನ ಕೆಲಸ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಸಭೆಯಲ್ಲಿ ನಿಂತು ಮಾತನಾಡುವುದು ನನ್ನ ಕಸುಬಲ್ಲ. ಮಾದಾಪುರದ ಒಂದು ಕಚೇರಿಯಲ್ಲಿ ದಿನವಿಡೀ ಪರದೆಯ ಮುಂದೆ ಕುಳಿತು, ಯಂತ್ರಕ್ಕೆ ತಿಳಿಯುವ ಭಾಷೆಯಲ್ಲಿ ಅದಕ್ಕೆ ಬುದ್ಧಿ ಹೇಳುವುದು ನನ್ನ ಉದ್ಯೋಗ. ನಮ್ಮ ಕಾರ್ಯದರ್ಶಿಗಳು "ನಿಮ್ಮ ಕೆಲಸದ ವಿಚಾರವಾಗಿ ನಾಲ್ಕು ಮಾತು ಹೇಳಿ" ಎಂದಾಗ, ಅದರಲ್ಲಿ ನಿಮಗೆ ಹೇಳುವಂಥದೇನಿದೆ ಎಂದು ಹಿಂಜರಿದೆ. ಆಮೇಲೆ ಯೋಚಿಸಿ ನೋಡಿದರೆ, ಹೇಳಬೇಕಾದುದು ಆ ಹಿಂಜರಿಕೆಯ ಕಥೆಯೇ ಎಂದು ತೋರಿತು. ಅದನ್ನೇ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮ ತಂದೆಯವರ ಊರು ಹಾಸನ ಜಿಲ್ಲೆಯ ಒಂದು ಹಳ್ಳಿ. ಅಲ್ಲಿ ನಾಟಿಯ ಕಾಲದಲ್ಲಿ ಮುಯ್ಯಾಳು ಎಂಬ ಪದ್ಧತಿಯಿತ್ತು. ಇವತ್ತು ನಮ್ಮ ಗದ್ದೆಗೆ ನೀವು ಬನ್ನಿ, ನಾಳೆ ನಿಮ್ಮ ಗದ್ದೆಗೆ ನಾವು ಬರುತ್ತೇವೆ. ಕೂಲಿಯಿಲ್ಲ, ಆದರೆ ಲೆಕ್ಕವುಂಟು. ಆ ಲೆಕ್ಕ ಮನಸ್ಸಿನಲ್ಲಿರುತ್ತದೆ. ನೆರೆಯವನ ನಾಟಿಗೆ ಹೋಗದವನ ಗದ್ದೆಗೆ ಯಾರೂ ಇಳಿಯುವುದಿಲ್ಲ. ನನ್ನ ಕಸುಬಿನಲ್ಲೂ ಇಂಥದೇ ಒಂದು ಪದ್ಧತಿ ಇದೆಯೆಂದು ನಾನು ಅರಿತದ್ದು ಬಹಳ ತಡವಾಗಿ.

ಹೊರಗಿನವರು ತಿಳಿದಂತೆ ಕಂಪ್ಯೂಟರಿನ ಲೋಕವೆಲ್ಲ ಕೊಳ್ಳುವ ಮಾರುವ ಸಂತೆಯಲ್ಲ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಅವರು, ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶವನ್ನು ಕಟ್ಟುವೆನೆಂದು ಸಾರಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತಾನು ಬರೆದ ಲಿನಕ್ಸನ್ನು ಎಲ್ಲರ ಮುಂದಿಟ್ಟು, ತಪ್ಪಿದ್ದರೆ ತಿಳಿಸಿರೆಂದು ಕೇಳಿದ. ಇಂದು ನಮ್ಮಲ್ಲಿ ಅನೇಕರ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದು ಅದೇ ಲಿನಕ್ಸು.

ಕನ್ನಡಕ್ಕೂ ಇಂಥ ಕೊಡುಗೈಯವರು ದೊರೆತರು. ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಉಚ್ಚಾರಣೆಗೆ ಹೊಂದುವಂತೆ ಕನ್ನಡದ ಅಕ್ಷರಗಳನ್ನು ಜೋಡಿಸಿದರು. ಒಂದು ಕೀಲಿಯನ್ನು ಒತ್ತಿದರೆ ಒತ್ತಕ್ಷರ ಕೂಡಿಕೊಳ್ಳುವ ಆ ಸುಲಭ ವಿನ್ಯಾಸವನ್ನು ಅವರು ನಾಡಿಗೆ ಹಾಗೆಯೇ ಬಿಟ್ಟುಕೊಟ್ಟರು. ಅದೇ ವಿನ್ಯಾಸವನ್ನು ಕರ್ನಾಟಕ ಸರ್ಕಾರ ಒಪ್ಪಿತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ ಬೆಲೆಯಿಲ್ಲದೆ ಮನೆಮನೆಗೆ ಬಂದಿತು. ಹೊರನಾಡಿನಲ್ಲಿದ್ದ ಎಷ್ಟೋ ಜನ ಕಂಪ್ಯೂಟರಿನಲ್ಲಿ ಮೊದಲ ಕನ್ನಡ ಕಾಗದ ಬರೆದದ್ದು ಅದರಿಂದಲೇ. ನಾನೂ ಅವರಲ್ಲೊಬ್ಬ. ಇವರೆಲ್ಲರ ಅನ್ನವನ್ನುಂಡು, ನಾನು ಮಾತ್ರ ಯಾರ ಎಲೆಗೂ ಒಂದು ಹಿಡಿ ಬಡಿಸಿರಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ನಮ್ಮ ಸಂಘದ ಹಳೆಯ ಸಂಚಿಕೆಗಳು ಹಳೆಯ ಬಗೆಯ ಫಾಂಟುಗಳಲ್ಲಿ ಬೆರಳಚ್ಚಾದವು. ಆ ಫಾಂಟುಗಳು ಕನ್ನಡದ ತುಂಡುಗಳನ್ನು ರೋಮನ್ ಅಕ್ಷರಗಳ ಜಾಗದಲ್ಲಿ ಅಡಗಿಸಿಟ್ಟಿದ್ದವು. ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ 'ಕನ್ನಡ' ಎಂಬ ಪದದ ನಡುವೆ ಇಂಗ್ಲೆಂಡಿನ ಪೌಂಡಿನ ಗುರುತು ಬಂದು ಕೂರುತ್ತದೆ! ಈಗ ಎಲ್ಲ ಯಂತ್ರಗಳೂ ಒಪ್ಪಿರುವ ಯೂನಿಕೋಡಿಗೆ ಅವನ್ನು ತಿರುಗಿಸಲು 2012ರಲ್ಲಿ ನಾನೊಂದು ಚಿಕ್ಕ ತಂತ್ರಾಂಶ ಬರೆದೆ. ಅರ್ಧಂಬರ್ಧ ಕೆಲಸ ಮಾಡುತ್ತಿತ್ತು. ನಾಲ್ಕು ಜನರಿಗೆ ತೋರಿಸೋಣವೆಂದರೆ, ತಿಳಿದವರು ನೋಡಿ ನಕ್ಕಾರು ಎಂಬ ಸಂಕೋಚ. ಪೂರ್ತಿ ಚೆನ್ನಾದ ಮೇಲೆ ತೋರಿಸೋಣವೆಂದು ಇಟ್ಟುಕೊಂಡೆ. 2015ರಲ್ಲಿ ನನ್ನ ಕಂಪ್ಯೂಟರಿನ ಡಿಸ್ಕು ಕೆಟ್ಟಿತು. ಅದರೊಡನೆ ಅದೂ ಹೋಯಿತು. ಪ್ರತಿ ಎಲ್ಲಿಯೂ ಇರಲಿಲ್ಲ, ಏಕೆಂದರೆ ಯಾರಿಗೂ ಕೊಟ್ಟಿರಲಿಲ್ಲ.

ಮರುವರ್ಷ ನಮ್ಮ ಸಂಘದ ಹಿರಿಯರೊಬ್ಬರು ನನ್ನ ಮನೆಗೆ ಬಂದರು. ಕೈಯಲ್ಲೊಂದು ಸಿ.ಡಿ. "ನಮ್ಮಾಕೆ 2003ರ ಸಂಚಿಕೆಗೆ ಬರೆದ ಲೇಖನ ಇದರಲ್ಲಿದೆಯಪ್ಪ. ಮನೆಯಲ್ಲಿದ್ದ ಪುಸ್ತಕ ಗೆದ್ದಲಿಗೆ ಹೋಯಿತು. ಮೊಮ್ಮಗಳು ಓದಬೇಕಂತೆ" ಎಂದರು. ಆ ತಾಯಿ ತೀರಿಕೊಂಡು ಆಗ ಒಂದು ವರ್ಷವಾಗಿತ್ತು. ಮದುವೆಯಾಗಿ ಕಾಚಿಗುಡಕ್ಕೆ ಬಂದ ಹೊಸತರಲ್ಲಿ ತೆಲುಗು, ಉರ್ದುಗಳ ನಡುವೆ ಸಂಸಾರ ಹೂಡಿದ ಬಗೆಯನ್ನು ಅವರು ಆ ಲೇಖನದಲ್ಲಿ ಬರೆದಿದ್ದರು. ಸಿ.ಡಿ. ತೆರೆದರೆ ಕಾಣಿಸಿದ್ದು ಪುಟದ ತುಂಬ ಪೌಂಡಿನ ಗುರುತು. "ನಾಲ್ಕು ವರ್ಷದ ಹಿಂದೆ ಇದಕ್ಕೆ ಮದ್ದು ನನ್ನಲ್ಲಿತ್ತು, ಕಳೆದುಕೊಂಡೆ" ಎಂದು ಅವರಿಗೆ ಹೇಗೆ ಹೇಳಲಿ?

ಆ ರಾತ್ರಿ, ಕನ್ನಡ ತಂತ್ರಜ್ಞರ ಬಳಗವೊಂದರಲ್ಲಿ ನನ್ನ ಹೆಸರು ಹಾಕಿ ಮೊದಲ ಬಾರಿಗೆ ಒಂದು ಪ್ರಶ್ನೆ ಕೇಳಿದೆ. ಬೆಳಗಾಗುವುದರೊಳಗೆ ಉತ್ತರ ಬಂದಿತ್ತು. ಇಂಥ ಪರಿವರ್ತಕಗಳನ್ನು ಕನ್ನಡದ ಬೇರೆಯವರು ಆಗಲೇ ಮಾಡಿ ಎಲ್ಲರಿಗೂ ಹಂಚಿದ್ದರು! ನಾನೊಬ್ಬನೇ ಕತ್ತಲೆಯಲ್ಲಿ ಕುಳಿತು ತೋಡಿದ ಬಾವಿಯ ಪಕ್ಕದಲ್ಲೇ ಊರಬಾವಿಯಿತ್ತು.

ಅವುಗಳಲ್ಲೊಂದನ್ನು ತಂದು ಓಡಿಸಿದೆ. ಬಹುಪಾಲು ಸರಿಹೋಯಿತು. ನಮ್ಮ ಸಂಚಿಕೆಯ ಫಾಂಟಿನಲ್ಲಿ ಮಾತ್ರ ಒಂದು ತೊಡಕು ಉಳಿಯಿತು: 'ಕರ್ನಾಟಕ' ಹೋಗಿ 'ಕನಾರ್ಟಕ' ಆಗುತ್ತಿತ್ತು. ಕಾರಣ ಸರಳ. ನಾವು ಅರ್ಕಾವತ್ತನ್ನು ನುಡಿಯುವುದು ಅಕ್ಷರದ ಮೊದಲು, ಬರೆಯುವುದು ಅಕ್ಷರದ ನಂತರ. ಹಳೆಯ ಫಾಂಟು ಬರೆದ ಕ್ರಮದಲ್ಲಿ ಇಡುತ್ತದೆ. ಯೂನಿಕೋಡು ನುಡಿದ ಕ್ರಮದಲ್ಲಿ ಇಡುತ್ತದೆ. ಅರ್ಕಾವತ್ತನ್ನು ಒಂದು ಅಕ್ಷರ ಹಿಂದಕ್ಕೆ ಸರಿಸುವಂತೆ ನಾನು ತಿದ್ದಿದೆ. ಕರ್ನಾಟಕ ಕರ್ನಾಟಕವೇ ಆಯಿತು.

ಈ ತಿದ್ದುಪಡಿಯನ್ನು ಕಳುಹಿಸಲೋ ಬೇಡವೋ ಎಂದು ಹದಿನೈದು ದಿನ ತೊಳಲಾಡಿ, ಕೊನೆಗೆ ಕಳುಹಿಸಿದೆ. ಕಲಬುರಗಿಯ ಒಬ್ಬ ವಿದ್ಯಾರ್ಥಿ ಓಡಿಸಿ ನೋಡಿ ಹೀಗೆ ಬರೆದ: "ಅಣ್ಣಾರ, ಕರ್ನಾಟಕ ಸರಿ ಆಗ್ಯಾದ್ರಿ, ಸಾಮರ್ಥ್ಯ ಕಮ್ಮಿ ಬಿದ್ದದ." ನೋಡಿದರೆ 'ಸಾಮರ್ಥ್ಯ' ಎಂಬುದು 'ಸಾಮಥ್ರ್ಯ' ಆಗಿತ್ತು. ಒತ್ತಕ್ಷರವಿದ್ದ ಕಡೆ ಅರ್ಕಾವತ್ತು ಇಡೀ ಸಂಯುಕ್ತಾಕ್ಷರವನ್ನು ದಾಟಿ ಹಿಂದಕ್ಕೆ ಹೋಗಬೇಕು. ನಾನು ಅರ್ಧದಲ್ಲೇ ನಿಲ್ಲಿಸಿದ್ದೆ. ತಪ್ಪನ್ನು ತೋರಿಸಿದ್ದಷ್ಟೇ ಅಲ್ಲ, ತಿದ್ದಿ ಕಳುಹಿಸಿದ್ದ. ನಾಲ್ಕು ವರ್ಷ ನಾನು ಹೆದರಿದ್ದ ನಗೆ ಇದೇ ಏನು? ನಕ್ಕಿದ್ದೇನೋ ನಿಜ, ಆದರೆ ಇಬ್ಬರೂ ಸೇರಿ ನಕ್ಕೆವು. ಅವನ ಮುಖವನ್ನು ನಾನು ಇಂದಿಗೂ ಕಂಡಿಲ್ಲ.

ಲೇಖನವನ್ನು ಅಚ್ಚು ಹಾಕಿಸಿಕೊಂಡು ಹಿರಿಯರ ಮನೆಗೆ ಹೋದೆ. ಕನ್ನಡಕ ಏರಿಸಿ, ತುದಿಯಿಂದ ಕೊನೆಯವರೆಗೆ ಓದಿದರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಬೆರಳಿಟ್ಟು, "ಇಲ್ಲೊಂದು ದೀರ್ಘ ತಪ್ಪಿದೆ. ಅದು ಆಗಲೂ ತಪ್ಪಿತ್ತು, ಕರಡು ತಿದ್ದಿದವನು ನಾನೇ" ಎಂದರು. "ಹಾಗೇ ಇರಲಿ, ತಿದ್ದಬೇಡ" ಎಂದರು.

ಮಹನೀಯರೆ, ಇದರಿಂದ ನಾನು ಕಲಿತದ್ದನ್ನು ಹೇಳುತ್ತೇನೆ. ಕೆಲಸ ಪೂರ್ಣವಾದ ಮೇಲೆ ಹಂಚುತ್ತೇನೆಂಬುದು ವಿನಯದಂತೆ ಕಾಣುತ್ತದೆ. ಒಳಗೆ ನೋಡಿದರೆ ಅದು ಅಭಿಮಾನ. ಹತ್ತು ಕೈ ತಗುಲದೆ ಯಾವ ಕೆಲಸವೂ ಪೂರ್ಣವಾಗುವುದಿಲ್ಲ. ನನ್ನೊಡನೆ ದುಡಿಯುವ ತೆಲುಗು ಮಿತ್ರರು ಬಹಳ ಜಾಣರು. ಈ ಊರಿನ 'ಸ್ವೇಚ್ಛ' ಬಳಗದವರು ಮುಕ್ತ ತಂತ್ರಾಂಶಕ್ಕಾಗಿ, ತೆಲುಗಿಗಾಗಿ ಮಾಡಿದ ಸೇವೆ ನಮಗೆ ಮೇಲ್ಪಂಕ್ತಿ. ಆದರೆ ಇಂದಿನ ತೆಲುಗು ಬರವಣಿಗೆಯಲ್ಲಿ ನಮ್ಮಂತೆ ಅರ್ಕಾವತ್ತಿನ ಬಳಕೆಯಿಲ್ಲ; ಅದರ ತೊಡಕು ಅವರನ್ನು ಕಾಡುವುದಿಲ್ಲ. ನಮ್ಮ ಕಾಲಿಗೆ ಚುಚ್ಚಿದ ಮುಳ್ಳನ್ನು ನಾವೇ ತೋರಿಸಬೇಕು.

ಕಿರಿಯರಿಗೆ ಎರಡು ಎಚ್ಚರಿಕೆಗಳು. ಕಂಪನಿಯ ಸಂಬಳಕ್ಕೆ ಬರೆದದ್ದು ಕಂಪನಿಯ ಸೊತ್ತು. ಅಪ್ಪಣೆಯಿಲ್ಲದೆ ಅದನ್ನು ಹಂಚುವುದು ಔದಾರ್ಯವಲ್ಲ. ನಿಮ್ಮದೇ ಆದುದನ್ನು ಹಂಚುವಾಗ, ಯಾರು ಹೇಗೆ ಬಳಸಬಹುದೆಂಬ ಒಪ್ಪಿಗೆಯ ಪತ್ರವನ್ನು ಜೊತೆಗಿಡಿ. ಅದಿಲ್ಲದಿದ್ದರೆ ಒಳ್ಳೆಯವರು ಮುಟ್ಟಲು ಹಿಂಜರಿಯುತ್ತಾರೆ. ಆ ತಾಯಿಯ ಲೇಖನವನ್ನೂ ನಾವು ಹಿರಿಯರ ಅನುಮತಿ ಪಡೆದ ಮೇಲೆಯೇ ಹೊರಗಿಟ್ಟೆವು.

ಇದು ಇಂಜಿನಿಯರುಗಳ ಮಾತು, ನಮಗೇನು ಎಂದು ತಾವು ಕೇಳಬಹುದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಕ್ಕೆ ಬರೆಯಲು ಪದವಿ ಬೇಡ. ಕಾಚಿಗುಡದ ಬಗ್ಗೆ, ಈ ಊರಿನಲ್ಲಿ ಕನ್ನಡ ಶಾಲೆ ಕಟ್ಟಿದವರ ಬಗ್ಗೆ, ಆಧಾರ ಸಹಿತ ನಾಲ್ಕು ಸಾಲು ಬರೆಯಬಲ್ಲವರು ಈ ಸಭೆಯಲ್ಲಿ ಎಷ್ಟು ಮಂದಿ ಇಲ್ಲ? ಹಳೆಯ ಸಂಚಿಕೆಗಳ ಕರಡು ತಿದ್ದಲು ಹಿರಿಯರ ಕಣ್ಣೇ ಬೇಕು. ನಮ್ಮ ಯಂತ್ರಕ್ಕೆ ಆ ಕಣ್ಣಿಲ್ಲ.

ಕಾರ್ಯದರ್ಶಿಗಳ ಬೀರುವಿನಲ್ಲಿ ಇನ್ನೂ ಒಂಬತ್ತು ಸಿ.ಡಿ.ಗಳಿವೆ. ಸಿ.ಡಿ.ಯ ಆಯುಸ್ಸು ಶಾಶ್ವತವಲ್ಲ. ಅವುಗಳಲ್ಲಿ ಯಾರ ತಾಯಿಯ, ಯಾರ ತಂದೆಯ ಬರಹಗಳಿವೆಯೋ ತೆರೆಯದೆ ತಿಳಿಯದು. ಮುಂದಿನ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಸಂಘದ ಕೋಣೆಯಲ್ಲಿ ನಾನಿರುತ್ತೇನೆ. ಬಂದವರಿಗೆ ಕೂಲಿಯಿಲ್ಲ, ಕಾಫಿಯುಂಟು. ನಾಳೆ ನಿಮ್ಮ ಗದ್ದೆಗೆ ನಾನು ಬರುತ್ತೇನೆ.